ಡಾನ್ ನದಿಯ ಲಂಬಕೋನ: ಟೊರಾಂಟೊದ ಪುಟ್ಟ ಹೊಳೆ ಪದೇ ಪದೇ ಉಕ್ಕುವುದೇಕೆ?

ಟೊರಾಂಟೊ ನಗರದ ಉತ್ತರಕ್ಕೆ ಓಕ್ ರಿಜಸ್ ಮೊರೇನ್ ಎಂಬ ಮರಳು, ಜಲ್ಲಿಯ ದಿಬ್ಬಸಾಲು ಇದೆ. ಹಿಮನದಿಗಳು ಬಿಟ್ಟುಹೋದದ್ದು. ಅಲ್ಲಿ ಹುಟ್ಟುವ ಡಾನ್ ಸುಮಾರು 38 ಕಿಲೋಮೀಟರ್ ಹರಿದು ಒಂಟಾರಿಯೊ ಸರೋವರ ಸೇರುತ್ತದೆ. ಮಳೆಯಿಲ್ಲದ ದಿನಗಳಲ್ಲಿ ಹಲವೆಡೆ ಮೊಣಕಾಲು ಮುಳುಗುವಷ್ಟೇ ನೀರು. ಕಣಿವೆ ಮಾತ್ರ ಭಾರಿ. 1918ರಲ್ಲಿ ಕಟ್ಟಿದ ಪ್ರಿನ್ಸ್ ಎಡ್ವರ್ಡ್ ವಯಡಕ್ಟ್ ಎಂಬ ಸೇತುವೆ ಕಣಿವೆಯ ತಳದಿಂದ ಸುಮಾರು 40 ಮೀಟರ್ ಎತ್ತರದಲ್ಲಿದೆ. ಇಷ್ಟು ಆಳ ಕೊರೆಯುವ ಕಸುವು ಈಗಿನ ಹರಿವಿಗಿಲ್ಲ. ಹಿಮಯುಗದ ಕೊನೆಯಲ್ಲಿ ಇಲ್ಲಿದ್ದ ಇರೊಕ್ವಾ ಸರೋವರದ ಮಟ್ಟ ಕುಸಿದಾಗ, ಹರಿವ ನೀರು ಹಳೆಯ ಮಣ್ಣಿನ ಪದರಗಳನ್ನು ಕೊರೆದು ಇಳಿಯಿತು. ಆ ಪದರಗಳನ್ನು ಕಣ್ಣಾರೆ ನೋಡಬೇಕೆಂದರೆ ಹಿಂದೆ ಇಟ್ಟಿಗೆ ಕಾರ್ಖಾನೆಯಾಗಿದ್ದ ಎವರ್‌ಗ್ರೀನ್ ಬ್ರಿಕ್ ವರ್ಕ್ಸ್‌ನ ಹಳೆಯ ಜೇಡಿಮಣ್ಣಿನ ಗಣಿಗೆ ಹೋಗಿ, ಅದರ ಉತ್ತರದ ಗೋಡೆಯನ್ನು ನೋಡಬೇಕು.

ಪೂರ್ವ ಡಾನ್, ಪಶ್ಚಿಮ ಡಾನ್ ಮತ್ತು ಟೇಲರ್-ಮ್ಯಾಸಿ ತೊರೆ ಸರೋವರಕ್ಕೆ ಸುಮಾರು 7 ಕಿಲೋಮೀಟರ್ ಮೊದಲು ಸೇರುತ್ತವೆ. ಅಲ್ಲಿಂದ ಕೆಳಗಿನದ್ದು 'ಲೋವರ್ ಡಾನ್'. ತೊಂದರೆಯೆಲ್ಲ ಬಂದು ಬೀಳುವುದು ಇಲ್ಲಿಗೇ.

ಜಲಾನಯನ ಪ್ರದೇಶ ಸುಮಾರು 360 ಚದರ ಕಿಲೋಮೀಟರ್. ಅದರ ಬಹುಪಾಲು ಈಗ ನಗರ: ಚಾವಣಿ, ರಸ್ತೆ, ಪಾರ್ಕಿಂಗ್ ಜಾಗ. ಬಿದ್ದ ಮಳೆ ನೆಲಕ್ಕೆ ಇಂಗದೆ ಚರಂಡಿ ಪೈಪುಗಳಲ್ಲಿ ನೇರ ಹೊಳೆಗೆ ಧುಮುಕುವುದರಿಂದ ಕೆಲವೇ ಗಂಟೆಗಳಲ್ಲಿ ನೀರು ಏರುತ್ತದೆ. ಜಿ. ರಾಸ್ ಲಾರ್ಡ್ ಅಣೆಕಟ್ಟು ಒಂದಿಷ್ಟು ತಡೆಹಿಡಿಯುತ್ತದೆ ನಿಜ, ಆದರೆ ಅದಿರುವುದು ಪಶ್ಚಿಮ ಕವಲಿನಲ್ಲಿ.

ಇನ್ನು ಅಳಿವೆಯ ಕಥೆ. ಮೊದಲು ಡಾನ್ ಆ್ಯಶ್‌ಬ್ರಿಡ್ಜಸ್ ಬೇ ಎಂಬ ವಿಶಾಲ ಜೌಗಿನ ಅಂಚಿನಲ್ಲಿ ಸರೋವರ ಸೇರುತ್ತಿತ್ತು. 1880ರ ದಶಕದಿಂದ ಕೆಳಭಾಗದ ಅಂಕುಡೊಂಕನ್ನು ನೇರ ಕಾಲುವೆಯಾಗಿಸಿದರು. 1912ರ ನಂತರ ಜೌಗನ್ನೇ ತುಂಬಿ ಬಂದರು ಭೂಮಿ ಮಾಡಿದರು. ಹೊಳೆಯ ಕೊನೆಯನ್ನು ಪಶ್ಚಿಮಕ್ಕೆ ಲಂಬಕೋನದಲ್ಲಿ ತಿರುಗಿಸಿ, ಬಂದರಿಗೆ ಸೇರುವ ಕಾಲುವೆಯಾದ ಕೀಟಿಂಗ್ ಚಾನಲ್‌ಗೆ ಬಿಟ್ಟರು. ಇಡೀ ನದಿಯಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಮೂಲೆಯಲ್ಲಿ ಹರಿವಿನ ವೇಗ ಕುಗ್ಗುತ್ತದೆ, ಹೊತ್ತು ತಂದ ಹೂಳು ಅಲ್ಲೇ ಕೂರುತ್ತದೆ. ವರ್ಷವರ್ಷವೂ ಹೂಳೆತ್ತಲೇಬೇಕು. ಚಳಿಗಾಲದ ಕೊನೆಗೆ ಒಡೆದ ಮಂಜುಗಡ್ಡೆ, ಮರದ ದಿಮ್ಮಿಗಳೂ ಸಿಕ್ಕಿಕೊಳ್ಳುತ್ತವೆ. ಮುಂದೆ ಸಾಗಲಾಗದ ನೆರೆ ದಂಡೆ ಮೀರಿ ಹರಡುತ್ತದೆ.

1954ರ ಅಕ್ಟೋಬರ್‌ನ ಹೇಝಲ್ ಚಂಡಮಾರುತದಲ್ಲಿ ಒಂಟಾರಿಯೊದಲ್ಲಿ 81 ಜನ ಸತ್ತರು. ಹೆಚ್ಚಿನ ಸಾವು ಹಂಬರ್ ನದಿಯ ಬದಿಯಲ್ಲಾದರೂ, ಆಮೇಲೆ ನೆರೆಬಯಲಿನಲ್ಲಿ ಮನೆ ಕಟ್ಟಲು ಬಿಡಬಾರದೆಂಬ ನೀತಿ ಡಾನ್ ಕಣಿವೆಗೂ ಅನ್ವಯಿಸಿತು. ಇಂದು ಕಣಿವೆ ಹಸಿರಾಗಿ ಉಳಿಯಲು ಅದು ದೊಡ್ಡ ಕಾರಣ. ಆದರೆ 1960ರ ದಶಕದಲ್ಲಿ ಅದೇ ತಳದಲ್ಲಿ ಡಾನ್ ವ್ಯಾಲಿ ಪಾರ್ಕ್‌ವೇ ಹೆದ್ದಾರಿ ಹಾಕಿದರು. 2013ರ ಜುಲೈ 8ರಂದು ಕಣಿವೆಯ ನೆರೆಯಲ್ಲಿ ಪ್ರಯಾಣಿಕರ ರೈಲೇ ಸಿಕ್ಕಿಬಿತ್ತು. 2024ರ ಜುಲೈ 16ರಂದು ಹೆದ್ದಾರಿ ಮತ್ತೆ ಮುಳುಗಿತು.

ಆ ಮೂಲೆಗೆ ಈಗ ಪರ್ಯಾಯ ಸಿದ್ಧವಾಗಿದೆ. ಬಂದರು ಭೂಮಿಯಲ್ಲಿ 10 ಲಕ್ಷ ಘನ ಮೀಟರ್‌ಗೂ ಹೆಚ್ಚು ಮಣ್ಣು ತೆಗೆದು, ಸುಮಾರು ಒಂದು ಕಿಲೋಮೀಟರ್ ಉದ್ದದ ಬಾಗುಬಳುಕಿನ ಹೊಸ ಪಾತ್ರ ಅಗೆದಿದ್ದಾರೆ. ಅದು ಕೀಟಿಂಗ್ ಚಾನಲ್ ದಾಟಿ ದಕ್ಷಿಣಕ್ಕೆ ಸಾಗಿ, ನಿಧಾನವಾಗಿ ಪಶ್ಚಿಮಕ್ಕೆ ಹೊರಳುತ್ತದೆ. ಕೈಗಾರಿಕೆಗಳ ಕಾಲದ ವಿಷ ನೀರಿಗೆ ಜಿನುಗದಂತೆ ಪಾತ್ರದಡಿ ತಡೆಪದರ ಹಾಸಿದ್ದಾರೆ. ದಂಡೆಯನ್ನು ದಿಮ್ಮಿ, ಬೇರುಗಂಟು, ಕಲ್ಲುಗಳಿಂದ ಕಟ್ಟಿ ಇಕ್ಕೆಲದಲ್ಲಿ ಜೌಗು ಬೆಳೆಸಿದ್ದಾರೆ. ಮಹಾನೆರೆ ಬಂದರೆ ಹೊಸ ಪಾತ್ರ, ಕೀಟಿಂಗ್ ಚಾನಲ್, ದಕ್ಷಿಣದ ಶಿಪ್ ಚಾನಲ್, ಹೀಗೆ ಮೂರು ದಾರಿಗಳಲ್ಲಿ ನೀರು ಹಂಚಿಹೋಗುತ್ತದೆ. ದಂಡೆಯ ಬೀಡಾಸಿಗೆ ಉದ್ಯಾನ 2025ರಲ್ಲಿ ತೆರೆಯಿತು.

ಈ ಹೊಸ ಪಾತ್ರ ನಗರದ ಪೂರ್ವದ ತಗ್ಗುಪ್ರದೇಶವನ್ನು ಕಾಯುತ್ತದೆ. ಮೇಲ್ಭಾಗದ ಹೆದ್ದಾರಿಯನ್ನಲ್ಲ. ಜೋರು ಮಳೆಯಾದಾಗ ಲೋವರ್ ಡಾನ್ ಕಾಲುದಾರಿಗೆ ಇಳಿಯಬೇಡಿ. ಮಳೆ ನಿಂತ ಮೇಲೂ ಎರಡು ದಿನ ನೀರು ಮುಟ್ಟದಿರುವುದೇ ಲೇಸು, ಏಕೆಂದರೆ ಹಳೆಯ ಬಡಾವಣೆಗಳಲ್ಲಿ ಮಳೆನೀರಿಗೂ ಮಲಿನ ನೀರಿಗೂ ಒಂದೇ ಪೈಪು, ತುಂಬಿದರೆ ಹೊಳೆಗೇ ಉಕ್ಕುತ್ತದೆ. ಹೀಗೆ ಉಕ್ಕುವ ನೀರನ್ನು ಹಿಡಿದಿಡಲೆಂದೇ 10.5 ಕಿಲೋಮೀಟರ್ ಉದ್ದ, 6.3 ಮೀಟರ್ ಅಗಲದ ಕಾಕ್ಸ್‌ವೆಲ್ ಬೈಪಾಸ್ ಸುರಂಗವನ್ನು ನೆಲದಾಳದಲ್ಲಿ ಕೊರೆದಿದ್ದಾರೆ.