ಕವರ್ ಲೆಟರಿನ ಮಾದರಿ ಕೇಳುವವರಿಗೆ

"ಮೇಡಂ, ನಿಮ್ಮ ಹತ್ರ ಒಂದು ಕವರ್ ಲೆಟರ್ ಫಾರ್ಮ್ಯಾಟ್ ಇದ್ರೆ ವಾಟ್ಸಾಪ್ ಮಾಡ್ತೀರಾ? ಹೆಸರು ಬದಲಾಯಿಸ್ಕೊಂಡು ಕಳಿಸ್ಬಿಡ್ತೀನಿ." ಈ ಮಾತನ್ನು ನಾನು ಶಿವಮೊಗ್ಗದ ನೆಹರು ರಸ್ತೆಯಲ್ಲಿ ಚೀಲ ಹಿಡಿದು ನಿಂತಿದ್ದಾಗ ಕೇಳಿದ್ದೇನೆ, ಸಾಗರದ ಮದುವೆಮನೆಯೊಂದರಲ್ಲಿ ಎಲೆಯ ಮುಂದೆ ಕುಳಿತಿದ್ದಾಗ ಕೇಳಿದ್ದೇನೆ, ರಾತ್ರಿ 11 ಗಂಟೆಗೆ "ಇವತ್ತೇ ಸಬ್‌ಮಿಟ್ ಮಾಡ್ಬೇಕು" ಎಂಬ ಅವಸರದ ಜೊತೆಗೆ ಫೋನಿನಲ್ಲೂ ಕೇಳಿದ್ದೇನೆ. ಸಂಶೋಧನಾ ಪ್ರಬಂಧವನ್ನು ಪತ್ರಿಕೆಗೆ ಕಳುಹಿಸುವಾಗ ಅದರೊಂದಿಗೆ ಸಂಪಾದಕರಿಗೆ ಬರೆಯುವ ಒಂದು ಪುಟದ ಪತ್ರಕ್ಕೆ ಕವರ್ ಲೆಟರ್ ಎನ್ನುತ್ತಾರೆ. ಸಸ್ಯರೋಗಶಾಸ್ತ್ರ ಕಲಿಸುವ ನನಗೆ ಪ್ರಬಂಧಗಳ ಬಗ್ಗೆ ಬಂದ ಪ್ರಶ್ನೆಗಳಿಗಿಂತ ಈ ಒಂದು ಪುಟದ ಬಗ್ಗೆ ಬಂದ ಪ್ರಶ್ನೆಗಳೇ ಹೆಚ್ಚು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಬರೆದಿಡುತ್ತಿದ್ದೇನೆ. ನಾನು ಮಾದರಿ ಕೊಡುವುದಿಲ್ಲ. ಕೇಳುವವರು ಆಪ್ತರಾದರೂ, ನೆಂಟರ ಮಕ್ಕಳಾದರೂ, ಗಡುವು ನಾಳೆಯೇ ಮುಗಿಯುವುದಿದ್ದರೂ ಕೊಡುವುದಿಲ್ಲ.

ನನಗೆ ಬೇಸರ ತರಿಸುವುದು "ಹೆಸರು ಬದಲಾಯಿಸ್ಕೊಂಡು" ಎಂಬ ಮಾತು. ಮೂರು ನಾಲ್ಕು ವರ್ಷ ಬೆವರು ಸುರಿಸಿ ಮಾಡಿದ ಕೆಲಸದ ಬಗ್ಗೆ, ಅದನ್ನು ಮೊದಲ ಸಲ ನೋಡುವವರಿಗೆ ಹೇಳಬೇಕಾದ ನಾಲ್ಕು ಮಾತುಗಳು ಇನ್ನೊಬ್ಬರ ಪತ್ರದಲ್ಲಿ ಸಿದ್ಧವಾಗಿ ಕುಳಿತಿರುತ್ತವೆಂದು ನಂಬುವುದಾದರೂ ಹೇಗೆ? ಹಾಗೆ ಕೇಳುವವರನ್ನು ಸೋಮಾರಿಗಳೆಂದು ನಾನು ಜರೆಯುವುದಿಲ್ಲ. ನಮಗೆ ಶಾಲೆಯಲ್ಲಿ ಚೆನ್ನಾಗಿ ಕಲಿಸಿದ ಔಪಚಾರಿಕ ಪತ್ರ ಒಂದೇ, ಅದು ರಜಾ ಅರ್ಜಿ. "ಇವರಿಂದ", "ಇವರಿಗೆ", "ಮಾನ್ಯರೇ", "ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ" ಎಂದು ಬರೆಯುತ್ತಾ ಬೆಳೆದವರು ತಾಲ್ಲೂಕು ಕಚೇರಿಗೂ ಅದನ್ನೇ ಬರೆಯುತ್ತಾರೆ, ಕೊನೆಗೆ ಪತ್ರಿಕೆಯ ಸಂಪಾದಕರಿಗೂ ಅದನ್ನೇ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಅರ್ಜಿಗೆ ನಮೂನೆ ಸರಿಯಿದ್ದರೆ ಸಾಕು. ಸಂಪಾದಕರಾದರೋ ರಜೆ ಮಂಜೂರು ಮಾಡುವ ಅಧಿಕಾರಿಯಲ್ಲ. ಈ ಪ್ರಬಂಧ ತಮ್ಮ ಓದುಗರಿಗೆ ಸಲ್ಲುವಂಥದ್ದೇ, ಇದನ್ನು ಓದಿ ಅಭಿಪ್ರಾಯ ಹೇಳಿರೆಂದು ಇಬ್ಬರು ಮೂವರು ಪರಿಶೀಲಕರ ಸಮಯವನ್ನು ಕೇಳಬಹುದೇ ಎಂದು ತೀರ್ಮಾನಿಸಬೇಕಾದವರು. ಎಷ್ಟೋ ಪ್ರಬಂಧಗಳು ಪರಿಶೀಲಕರ ಕೈ ಸೇರುವ ಮೊದಲೇ ಸಂಪಾದಕರ ಮೇಜಿನಿಂದ ಹಿಂತಿರುಗುತ್ತವೆ. ಕವರ್ ಲೆಟರ್ ಓದುವವರು ಸಾಮಾನ್ಯವಾಗಿ ಆ ಸಂಪಾದಕರೊಬ್ಬರೇ, ಪರಿಶೀಲಕರ ಕಣ್ಣಿಗೆ ಅದು ಬೀಳುವುದು ಅಪರೂಪ. ಕೆಲವು ಪತ್ರಿಕೆಗಳು ಅದನ್ನು ಕೇಳುವುದೂ ಇಲ್ಲ. ಕೇಳಿದ ಕಡೆ ಮಾತ್ರ ಅದು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನಿಗೆ ಬರೆದ ಪತ್ರವಾಗಿರಬೇಕು. ಹುಡುಕಿದರೆ ಪತ್ರಿಕೆಯ ಜಾಲತಾಣದಲ್ಲೇ ಸಂಪಾದಕರ ಹೆಸರು ಸಿಗುತ್ತದೆ, ಅಂಥಲ್ಲಿ "ರೆಸ್ಪೆಕ್ಟೆಡ್ ಸರ್" ಎಂದು ಬರೆಯುವ ಅಗತ್ಯವಿಲ್ಲ.

ಪತ್ರದ ಬರವಣಿಗೆಗೆ ನಮ್ಮ ಭಾಷೆಯಲ್ಲಿ ಒಕ್ಕಣೆ ಎಂಬ ಪದವಿದೆ. ಕಣದಲ್ಲಿ ತೆನೆಯಿಂದ ಕಾಳು ಬಿಡಿಸುವ ಕೆಲಸಕ್ಕೂ ಅದೇ ಪದ. ಪ್ರಬಂಧದ ಮೂವತ್ತು ಪುಟಗಳನ್ನು ಬರೆದವರೇ ಒಕ್ಕಿ ನಾಲ್ಕು ಸಾಲು ತೆಗೆಯಬೇಕು.

ಕೆಲವು ವರ್ಷಗಳ ಹಿಂದೆ ಪುಷ್ಯ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಸಂಜೆ ಹೊಸನಗರದ ಕಡೆಯ ಹುಡುಗನೊಬ್ಬ ನಮ್ಮ ಮನೆಗೆ ಬಂದ. ನನ್ನ ವಿದ್ಯಾರ್ಥಿಯಲ್ಲ, ಪರಿಚಯದವರು ಕಳುಹಿಸಿದ್ದರು. ಮಳೆಗಾಲದಲ್ಲಿ ಅಡಿಕೆಯ ಕಾಯಿ ಕೊಳೆತು ಉದುರುವ ಕೊಳೆರೋಗದ ಮೇಲೆ ಮೂರು ಮಳೆಗಾಲ ಕೆಲಸ ಮಾಡಿ ಪ್ರಬಂಧ ಬರೆದಿದ್ದ. ಕಳುಹಿಸಿದ ಎರಡೇ ದಿನಕ್ಕೆ ಅದು ವಾಪಸಾಗಿತ್ತು. ಸಂಪಾದಕರ ಉತ್ತರದಲ್ಲಿ ಒಂದು ಸಾಲು ಹೀಗಿತ್ತು: ಪತ್ರವು ಕಾಳುಮೆಣಸಿನ ಬಗ್ಗೆ ಮಾತನಾಡುತ್ತದೆ, ಲಗತ್ತಿಸಿದ ಪ್ರಬಂಧವು ಅಡಿಕೆಯದು, ಇದು ಬೇರೆ ಪ್ರಬಂಧದ ಪತ್ರವಿರಬಹುದೇ? ಹುಡುಗ ತನ್ನ ಪತ್ರವನ್ನು ಮೊಬೈಲಿನಲ್ಲಿ ತೆರೆದು ನನ್ನ ಕೈಗೆ ಕೊಟ್ಟ. ಎರಡನೇ ಸಾಲು ಓದುವಾಗಲೇ ನನಗೆ ಏನೋ ಪರಿಚಿತವೆನಿಸಿತು, ಮೂರನೆಯದಕ್ಕೆ ಖಾತ್ರಿಯಾಯಿತು. ಅದು ಕಾಳುಮೆಣಸಿನ ಸೊರಗು ರೋಗದ ಪ್ರಬಂಧವೊಂದರ ಜೊತೆಗೆ ಬಹಳ ಹಿಂದೆ ನಾನೇ ಬರೆದಿದ್ದ ಪತ್ರ. ಯಾರೋ ಕೇಳಿದರೆಂದು ಕೊಟ್ಟಿದ್ದೆ. ಅವರಿಂದ ಇನ್ನೊಬ್ಬರಿಗೆ, ಅಲ್ಲಿಂದ ಮತ್ತೊಬ್ಬರಿಗೆ ಹೋಗಿ ಈ ಹುಡುಗನ ಕೈಗೆ ಸಿಕ್ಕಿತ್ತು. ಅವನು ಶೀರ್ಷಿಕೆ ಬದಲಿಸಿದ್ದ, ಪತ್ರಿಕೆಯ ಹೆಸರು ಬದಲಿಸಿದ್ದ, ಲೇಖಕರ ಹೆಸರುಗಳನ್ನೂ ಬದಲಿಸಿದ್ದ. ಮೂರನೇ ಪ್ಯಾರಾದ ನಡುವಿನ ಒಂದು ವಾಕ್ಯದಲ್ಲಿ ನನ್ನ ಕಾಳುಮೆಣಸಿನ ಬಳ್ಳಿ ಹಾಗೆಯೇ ಉಳಿದಿತ್ತು. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಕೊಟ್ಟ ಕೈ ನನ್ನದೇ ಆಗಿತ್ತು. ನಾನು ಮಾದರಿ ಕೊಡುವುದನ್ನು ನಿಲ್ಲಿಸಿದ್ದು ಅಂದಿನಿಂದ.

"ನಿನ್ನ ಕೆಲಸದಲ್ಲಿ ಹೊಸತೇನಪ್ಪ?" ಎಂದು ಕೇಳಿದರೆ ಪ್ರಬಂಧದ ಸಾರಾಂಶವನ್ನೇ ಬಾಯಿಪಾಠದಂತೆ ಒಪ್ಪಿಸಿದ. ಅವನ ಚೀಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ನೋಟ್‌ಬುಕ್ ಕಂಡಿತು, ಕೊಡು ಎಂದೆ. ಮಳೆಯಲ್ಲಿ ತೋಟ ಸುತ್ತುವವರು ಪೆನ್ನಿನಲ್ಲಿ ಬರೆಯುವುದಿಲ್ಲ, ಶಾಯಿ ಹರಡುತ್ತದೆ. ಅವನದೂ ಪೆನ್ಸಿಲ್ ಬರಹ. ಹಾಳೆಗಳು ಥಂಡಿಗೆ ಉಬ್ಬಿಕೊಂಡು, ಪುಸ್ತಕವು ಮುಚ್ಚಿದರೂ ಮುಚ್ಚಿಕೊಳ್ಳದಂತಾಗಿತ್ತು. ಕೆಲವು ಪುಟಗಳಲ್ಲಿ ಮೈಲುತುತ್ತದ ನೀಲಿ ಕಲೆಯಿತ್ತು. ವಾರ ವಾರವೂ ಬಣ್ಣದ ಗುರುತು ಹಾಕಿದ ಅವೇ ಮರಗಳು, ಬುಡದಲ್ಲಿ ಉದುರಿದ ಕಾಯಿಗಳ ಎಣಿಕೆ, ಮಳೆಯ ಅಳತೆ. ಒಂದು ಪುಟದ ಅಂಚಿನಲ್ಲಿ ಕನ್ನಡದಲ್ಲಿ ಹೀಗೆ ಬರೆದುಕೊಂಡಿದ್ದ: "ಈ ತೋಟದಲ್ಲೂ ಮೊದಲು ಉದುರಿದ್ದು ಹೋದ ವರ್ಷದ ಒಣಕೊನೆ ಇಳಿಸದೆ ಬಿಟ್ಟ ಮರದಲ್ಲೇ. ಇದು ಮೂರನೇ ತೋಟ."

ಕೊಳೆ ಬಂದು ಒಣಗಿದ ಕೊನೆಯನ್ನು, ಎಂದರೆ ಅಡಿಕೆ ಗೊನೆಯನ್ನು, ಮರದಲ್ಲಿ ಬಿಡಬಾರದೆಂಬುದು ಮಲೆನಾಡಿನ ಬೆಳೆಗಾರರಿಗೆ ಹೊಸ ವಿಷಯವಲ್ಲ. ಆದರೆ ಅಲ್ಲಿಂದ ಹೊರಟ ರೋಗ ಪಕ್ಕದ ಮರವನ್ನು ಯಾವ ವಾರ, ಎಷ್ಟು ಮಳೆ ಬಿದ್ದ ಮೇಲೆ ಮುಟ್ಟಿತೆಂದು ಮೂರು ಮಳೆಗಾಲ ಮರ ಮರ ಸುತ್ತಿ ಬರೆದಿಟ್ಟವನು ಈ ಹುಡುಗ. ಈ ರೋಗ ತಡೆಯಲು, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಹಾಕಿ ಮಾಡುವ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, 40ರಿಂದ 45 ದಿನಗಳ ನಂತರ ಇನ್ನೊಮ್ಮೆ ಹೊಡೆಯಬೇಕು. ಎರಡನೇ ಸಲದ ಹೊತ್ತಿಗೆ ಮಳೆ ಬಿಡುವು ಕೊಡುವುದಿಲ್ಲ, ಜಾರುವ ಮರವನ್ನು ಕೊನೆಗಾರರು ಹತ್ತುವಂತಿಲ್ಲ. ರೋಗ ಎಲ್ಲಿಂದ ಶುರುವಾಗುತ್ತದೆಂದು ಮೊದಲೇ ಗೊತ್ತಿದ್ದರೆ, ಸಿಕ್ಕ ಒಂದು ದಿನದ ಹೊಳವಿನಲ್ಲಿ ಯಾವ ಮರಕ್ಕೆ ಮೊದಲು ಏಣಿ ಇಡಬೇಕೆಂಬುದು ತಿಳಿಯುತ್ತದೆ. ಅವನ ಪತ್ರದಲ್ಲಿ ಇರಬೇಕಾಗಿದ್ದುದು ಇದೇ ಮಾತು. ಅಲ್ಲಿ ಇದ್ದುದು ನನ್ನ ಹಳೆಯ ವಾಕ್ಯಗಳು.

ಇನ್ನೊಂದು ಸಂಗತಿ ನನ್ನನ್ನು ಬಹಳ ನೋಯಿಸಿತು. ಅವನು ಕೊಳೆರೋಗ ಎಂಬ ಪದವನ್ನೇ ಪತ್ರದಲ್ಲಿ ಎಲ್ಲಿಯೂ ಬಳಸಿರಲಿಲ್ಲ; "ಅವ್ರಿಗೆ ಅರ್ಥ ಆಗಲ್ಲ, ಹಳ್ಳಿ ಪದ ಅನ್ಸುತ್ತೆ ಮೇಡಂ" ಎಂದ. ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಈ ರೋಗದ ಬಗ್ಗೆ ಜರ್ಮನಿಯ ಶಿಲೀಂಧ್ರಶಾಸ್ತ್ರ ಪತ್ರಿಕೆಗೆ ಬರೆದಾಗ ನಮ್ಮ ರೈತರ ಬಾಯಿಯ ಕೊಳೆರೋಗ ಎಂಬ ಪದವನ್ನು ಶೀರ್ಷಿಕೆಯಲ್ಲೇ ಇಟ್ಟಿದ್ದರು. ಕಾಫಿಯ ಕಪ್ಪು ಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ ಇಟ್ಟ ಶಾಸ್ತ್ರೀಯ ಹೆಸರುಗಳಲ್ಲೊಂದು ಕೊಲೆರೋಗ ನಾಕ್ಸಿಯಾ. ನೂರು ವರ್ಷಗಳಿಂದ ವಿಜ್ಞಾನದಲ್ಲಿ ನೆಲೆ ನಿಂತ ಪದವನ್ನು ಅದು ಹುಟ್ಟಿದ ಊರಿನ ಹುಡುಗನೇ ಸಂಕೋಚಪಟ್ಟು ಅಳಿಸಿದ್ದ. ದೂರದ ಸಂಪಾದಕರಿಗೆ ಅಡಿಕೆ ತೋಟ ಗೊತ್ತಿಲ್ಲದಿರಬಹುದು. ಅದಕ್ಕೆ ಒಂದು ವಾಕ್ಯದಲ್ಲಿ ವಿವರಿಸಬೇಕು, ಮುಚ್ಚಿಡಬಾರದು.

ಮಾದರಿ ಕೇಳುವ ಬದಲು ಒಬ್ಬರಾದರೂ ನನ್ನ ಬಳಿ ಬಂದು, "ನನ್ನ ಕೆಲಸದಲ್ಲಿ ಹೊಸತು ಯಾವುದು ಅಂತ ನಂಗೇ ಸರಿಯಾಗಿ ಹೇಳೋಕೆ ಬರ್ತಿಲ್ಲ, ಸ್ವಲ್ಪ ಕೂತು ಕೇಳ್ತೀರಾ?" ಎಂದು ಕೇಳಬೇಕೆಂದು ನನಗೆ ಎಷ್ಟು ಆಸೆಯಿದೆ! ಆ ಪ್ರಶ್ನೆಗೆ ಒಂದು ಭಾನುವಾರವನ್ನೇ ಕೊಡುತ್ತೇನೆ. ಅದಾದ ಮೇಲೆ "ಈ ಪತ್ರಿಕೆಯ ಓದುಗರಿಗೆ ಇದು ಯಾಕೆ ಬೇಕು?" ಎಂಬ ಪ್ರಶ್ನೆ ತಾನಾಗಿಯೇ ಬರುತ್ತದೆ. ಆದರೆ ನಮ್ಮಲ್ಲಿ ಅದರ ಜಾಗದಲ್ಲಿ "ಇದು ಕೇರ್ ಪಟ್ಟಿಯಲ್ಲಿದೆಯಾ?" ಎಂಬುದನ್ನೇ ಕೇಳುತ್ತಾ ಬಂದರು. ಕೇರ್ ಎಂಬುದು ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಒಪ್ಪಿದ ಪತ್ರಿಕೆಗಳ ಪಟ್ಟಿಯಾಗಿತ್ತು. ಯುಜಿಸಿಯು 2022ರ ನಿಯಮಗಳಲ್ಲಿ ಪಿಎಚ್‌ಡಿಗೆ ಪ್ರಕಟಣೆಯ ಕಡ್ಡಾಯವನ್ನು ತೆಗೆಯಿತು, 2025ರಲ್ಲಿ ಆ ಪಟ್ಟಿಯನ್ನೂ ನಿಲ್ಲಿಸಿತು. ಪಟ್ಟಿ ನೋಡಿ ಪತ್ರಿಕೆ ಆರಿಸುವ ಅಭ್ಯಾಸ ಮಾತ್ರ ಹೋಗಿಲ್ಲ. ಪತ್ರಿಕೆಯ ಹಿಂದಿನ ನಾಲ್ಕು ಸಂಚಿಕೆಗಳನ್ನೂ ತಿರುವಿ ನೋಡದವರು ಅದರ ಓದುಗರಿಗೆ ಇದು ಯಾಕೆ ಬೇಕೆಂಬ ವಾಕ್ಯವನ್ನು ಬರೆಯಲಾರರು.

ಪತ್ರದ ಉಳಿದ ಭಾಗ ಪ್ರಮಾಣವಚನ. ಇಲ್ಲಿ ಎಲ್ಲರ ವಾಕ್ಯಗಳೂ ಹೆಚ್ಚುಕಡಿಮೆ ಒಂದೇ ತೆರನಾಗಿರುವುದು ನಿಜ, ಅದಕ್ಕೇ ಯಾರೂ ಓದದೆ ನಕಲು ಮಾಡುತ್ತಾರೆ. ಈ ಪ್ರಬಂಧ ಬೇರೆಲ್ಲೂ ಪ್ರಕಟವಾಗಿಲ್ಲ, ಬೇರೆ ಪತ್ರಿಕೆಯ ಪರಿಶೀಲನೆಯಲ್ಲಿಲ್ಲ ಎಂಬ ಸಾಲಿನ ಹಿಂದೆ ದೊಡ್ಡ ಇತಿಹಾಸವಿದೆ. ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಸಂಪಾದಕರಾಗಿದ್ದ ಫ್ರಾಂಜ್ ಇಂಗೆಲ್‌ಫಿಂಗರ್ ಬೇರೆಡೆ ಬಂದದ್ದನ್ನು ತಾವು ಪ್ರಕಟಿಸುವುದಿಲ್ಲವೆಂಬ ನಿಯಮವನ್ನು 1969ರಲ್ಲಿ ಬರೆದಿಟ್ಟರು. ಪ್ರಬಂಧದ ಪ್ರತಿಯನ್ನು ಈಗಾಗಲೇ ಪ್ರಿಪ್ರಿಂಟ್ ತಾಣಕ್ಕೆ, ಎಂದರೆ ಪರಿಶೀಲನೆಗೆ ಮುಂಚೆಯೇ ಪ್ರಬಂಧಗಳನ್ನು ಎಲ್ಲರಿಗೂ ತೆರೆದಿಡುವ ಜಾಲತಾಣಕ್ಕೆ, ಏರಿಸಿದ್ದರೆ ಅದನ್ನು ಪತ್ರದಲ್ಲಿ ಹೇಳಿಬಿಡಬೇಕು, ಎಷ್ಟೋ ಪತ್ರಿಕೆಗಳು ಅದಕ್ಕೆ ಆಕ್ಷೇಪಿಸುವುದಿಲ್ಲ. ಪರಿಶೀಲಕರ ಹೆಸರು ಸೂಚಿಸಿ ಎಂದು ಕೇಳಿದರೆ ನಿಮ್ಮ ಮಾರ್ಗದರ್ಶಕರ ಸ್ನೇಹಿತರನ್ನು ಬರೆಯಬೇಡಿ. ಲೇಖಕರ ಕಡೆಯಿಂದ ಸೂಚಿಸಿದ ಪರಿಶೀಲಕರ ಮಿಂಚಂಚೆ ವಿಳಾಸಗಳೇ ಸುಳ್ಳಾಗಿದ್ದ ಮೋಸಗಳು ಬಯಲಾದ ಮೇಲೆ 2015ರ ಮಾರ್ಚ್‌ನಲ್ಲಿ ಬಯೋಮೆಡ್ ಸೆಂಟ್ರಲ್ ಎಂಬ ಪ್ರಕಾಶನ ಸಂಸ್ಥೆ 43 ಪ್ರಬಂಧಗಳನ್ನು, ಅದೇ ವರ್ಷದ ಆಗಸ್ಟ್‌ನಲ್ಲಿ ಸ್ಪ್ರಿಂಗರ್ ಪ್ರಕಾಶನ 64 ಪ್ರಬಂಧಗಳನ್ನು ಹಿಂತೆಗೆದುಕೊಂಡವು. ಅಂದಿನಿಂದ ಆ ಹೆಸರುಗಳನ್ನು ಸಂಪಾದಕರು ಎರಡು ಸಲ ನೋಡುತ್ತಾರೆ.

ಎಲ್ಲಕ್ಕಿಂತ ಭಾರವಾದ ವಾಕ್ಯವೆಂದರೆ, ಲೇಖಕರೆಲ್ಲರೂ ಅಂತಿಮ ಪ್ರತಿಯನ್ನು ಓದಿ ಒಪ್ಪಿದ್ದಾರೆ ಎಂಬುದು. ಅಂದು ರಾತ್ರಿ ನಾವು ಊಟ ಮುಗಿಸಿ ಪತ್ರವನ್ನು ಹೊಸದಾಗಿ ಬರೆಯಲು ಕುಳಿತೆವು. ಬೇರೊಂದು ಪತ್ರಿಕೆಯನ್ನು ಆರಿಸಿ, ಸಂಪಾದಕರ ಹೆಸರನ್ನು ಹುಡುಕಿ ಬರೆದ. ಎರಡನೇ ವಾಕ್ಯದಲ್ಲಿ ಕೊಳೆರೋಗ ಎಂದರೇನೆಂದು ಹೇಳಿದ, ಮೂರನೆಯದರಲ್ಲಿ ನೋಟ್‌ಬುಕ್ಕಿನ ಅಂಚಿನ ಮಾತು ಇಂಗ್ಲಿಷಿನಲ್ಲಿ ಬಂತು, ನಾಲ್ಕನೆಯದು ಆ ಪತ್ರಿಕೆಯಲ್ಲೇ ಹಿಂದೆ ಬಂದಿದ್ದ ರೋಗ ಹರಡುವಿಕೆಯ ಚರ್ಚೆಗೆ ಇದನ್ನು ಜೋಡಿಸಿತು. ಅರ್ಧ ಪುಟವೂ ಆಗಲಿಲ್ಲ. ಆಮೇಲೆ ಒಪ್ಪಿಗೆಯ ಸಾಲಿಗೆ ಬಂದಾಗ ಬೆರಳು ಕೀಲಿಮಣೆಯ ಮೇಲೆ ನಿಂತಿತು. "ಒಬ್ರು ಸಹಲೇಖಕರು ಓದಿಲ್ಲ ಮೇಡಂ. ಹೆಸರು ಹಾಕ್ಕೋ ಅಂತ ಫೋನಲ್ಲೇ ಹೇಳಿದ್ರು" ಎಂದ. ಹಾಗಾದರೆ ಈ ಸಾಲು ಬರೆಯುವಂತಿಲ್ಲ ಎಂದೆ. ಅವನ ಮುಖ ಸಣ್ಣದಾಯಿತು, ಆದರೂ ವಾದಿಸಲಿಲ್ಲ. ಹೊಸನಗರದ ಕೊನೆಯ ಬಸ್ಸು ಆಗಲೇ ಹೋಗಿತ್ತು. ನಮ್ಮಲ್ಲೇ ಮಲಗಿದ, ಬೆಳಿಗ್ಗೆ ಎದ್ದವನೇ ಅಂತಿಮ ಪ್ರತಿಯನ್ನು ಆ ಸಹಲೇಖಕರಿಗೆ ಕಳುಹಿಸಿ ಓದಿ ತಿಳಿಸಬೇಕೆಂದು ಬರೆದ. ಉತ್ತರ ಬರಲು ಒಂಬತ್ತು ದಿನ ಹಿಡಿಯಿತು. ಅವರು ನಿಜಕ್ಕೂ ಓದಿದ್ದರು; ಎರಡನೇ ಕೋಷ್ಟಕದಲ್ಲಿ ಒಂದು ತೋಟದ ಎಣಿಕೆ ಎರಡು ಸಲ ಸೇರಿಹೋಗಿರುವುದನ್ನು ತೋರಿಸಿಕೊಟ್ಟಿದ್ದರು. ಹುಡುಗ ನೋಟ್‌ಬುಕ್ ಬಿಡಿಸಿ ಲೆಕ್ಕವನ್ನು ಸರಿಪಡಿಸಿದ, ಒಪ್ಪಿಗೆಯ ಸಾಲನ್ನು ಪತ್ರಕ್ಕೆ ಸೇರಿಸಿದ, ಪ್ರಬಂಧವನ್ನು ಕಳುಹಿಸಿದ.