ಸುಣ್ಣದ ತಿಳಿ

ಕಳೆದ ಮಾಘದ ಒಂದು ಬೆಳಿಗ್ಗೆ, ಇನ್ನೂ ಮಂಜು ಕರಗದ ಹೊತ್ತಿನಲ್ಲಿ, ಪಾಂಡವಪುರದ ಕಡೆಯ ಆಲೆಮನೆಯ ಯಜಮಾನರೊಬ್ಬರು ಫೋನ್ ಮಾಡಿದರು. “ಅವ್ವಾ, ನೀವು ಬರ್ದಿರೋದನ್ನ ಮೊಮ್ಮಗಳು ಓದಿ ಹೇಳುದ್ಲು. ಚೆನ್ನಾಗದೆ. ಆದ್ರೆ ಸುಣ್ಣದ ವಿಚಾರ ತಪ್ಪದೆ” ಎಂದರು.

ಯಾವ ಪತ್ರಿಕೆಯ ನೌಕರಿಯೂ ಇಲ್ಲದೆ ಬಿಡಿ ಬರವಣಿಗೆಯಿಂದಲೇ ಬದುಕುವ ನಾನು, ಮಂಡ್ಯದ ಬೆಲ್ಲದ ಕುರಿತು ಮಾಸಪತ್ರಿಕೆಯೊಂದಕ್ಕೆ ಬರೆದ ಲೇಖನವನ್ನು, ಅದು ಅಚ್ಚಾದ ಮೇಲೆ, ಎಂದಿನಂತೆ ನನ್ನ ಓದುಗರಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದೆ. ವಿಶ್ವೇಶ್ವರಯ್ಯ ನಾಲೆಯ ನೀರು ಈ ಬಯಲನ್ನು ಕಬ್ಬಿನ ಸೀಮೆಯಾಗಿಸಿದ್ದು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದದ್ದು, ಇವೆಲ್ಲವನ್ನೂ ಗ್ರಂಥಾಲಯದಲ್ಲಿ ಕುಳಿತು ಎರಡೆರಡು ಸಲ ತಾಳೆ ನೋಡಿ ಬರೆದಿದ್ದೆ. ಆದರೆ ಕೊಪ್ಪರಿಗೆಗೆ ಸುಣ್ಣ ಹಾಕುವುದು ಬೆಲ್ಲಕ್ಕೆ ಬಿಳಿ ಬಣ್ಣ ಬರಲೆಂದು ಎಂಬ ಸಾಲನ್ನು ಯಾರನ್ನೂ ಕೇಳದೆ, ಸುಣ್ಣ ಬೆಳ್ಳಗಿದೆ ಎಂಬ ಒಂದೇ ಊಹೆಯಿಂದ ಬರೆದುಬಿಟ್ಟಿದ್ದೆ. ಪುಸ್ತಕದಲ್ಲಿ ಸಿಗುವುದನ್ನು ಪರೀಕ್ಷಿಸಿ, ಕೈಕೆಲಸದವರಿಗೆ ಗೊತ್ತಿರುವುದನ್ನು ಊಹಿಸಿದ್ದು ನನ್ನ ತಪ್ಪು.

ಅಂದೇ ಬಸ್ಸು ಹಿಡಿದು ಹೋದೆ. ಗಾಣ ಓಡುತ್ತಿತ್ತು, ಒಣಗಿದ ಕಬ್ಬಿನ ರಚ್ಚನ್ನು ಒಲೆಗೆ ತುಂಬುತ್ತಿದ್ದರು. ಯಜಮಾನರು ನನ್ನನ್ನು ಕೊಪ್ಪರಿಗೆಯ ಪಕ್ಕದಲ್ಲೇ ನಿಲ್ಲಿಸಿಕೊಂಡು ವಿವರಿಸಿದರು. ಕಬ್ಬಿನ ಹಾಲು ಸಹಜವಾಗಿಯೇ ತುಸು ಹುಳಿ; ಆ ಹುಳಿ ಹಾಗೆಯೇ ಉಳಿದರೆ ಕುದಿಯುವಾಗ ಸಕ್ಕರೆಯಂಶ ಒಡೆದು, ಬೆಲ್ಲ ಗಟ್ಟಿಯಾಗದೆ ಅಂಟಂಟಾಗುತ್ತದೆ. ಹುಳಿ ಮುರಿಯಲು ಬೇಕಾದಷ್ಟೇ ಸುಣ್ಣ; ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಅಂದರೆ ನಾನು ಬರೆದದ್ದು ನಿಜಕ್ಕೆ ತೀರ ತಿರುಗುಮುರುಗಾಗಿತ್ತು. ಕಶ್ಮಲ ತೆಗೆಯಲು ಜಜ್ಜಿದ ಬೆಂಡೆಗಿಡದ ಲೋಳೆ ಬಿಡುತ್ತಾರೆ; ಮೇಲೆ ಬಂದ ಕೊಳೆಯನ್ನು ಜಾಲರಿಯಲ್ಲಿ ಎತ್ತಿ ಚೆಲ್ಲುತ್ತಾರೆ. ಬಣ್ಣಕ್ಕಾಗಿ ಕೆಲವರು ಬೆರೆಸುವುದು ಹೈಡ್ರೋಸ್ ಎಂಬ ರಾಸಾಯನಿಕ, ಸುಣ್ಣವಲ್ಲ.

“ನಾವು ಹೈಡ್ರೋಸ್ ಮುಟ್ಟಾಕಿಲ್ಲ. ನಿಮ್ಮ ಬರಹ ಓದಿದೋರು ಸುಣ್ಣಾನೂ ಅದೇ ಥರ ಅಂದ್ಕೊಂಡ್ರೆ ನಮ್ ಕಂದು ಬೆಲ್ಲ ಯಾರು ಕೊಳ್ತಾರೆ?” ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಸಾಲಿನ ಅಜಾಗರೂಕತೆ ಇನ್ನೊಬ್ಬರ ಅನ್ನಕ್ಕೆ ತಾಗಬಲ್ಲದೆಂದು ಇಷ್ಟು ಹತ್ತಿರದಿಂದ ನನಗೆ ಅದುವರೆಗೆ ಕಂಡಿರಲಿಲ್ಲ. ಅಷ್ಟರಲ್ಲಿ ಪಾಕದ ಹದ ನೋಡುವವರು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ, ಇಳಿಸಬಹುದೆಂದು ತಲೆಯಾಡಿಸಿದರು. ನಾಲ್ವರು ಕೊಪ್ಪರಿಗೆಯನ್ನು ಎತ್ತಿ ಮಗುಚುವವರೆಗೆ ಯಾರೂ ಮಾತಾಡಲಿಲ್ಲ.

ಪತ್ರಿಕೆ ಮುಂದಿನ ಸಂಚಿಕೆಯಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಲು ಒಪ್ಪಿತು. ನನಗೆ ಅದು ಸಾಲದೆನಿಸಿ, ಆಗಿದ್ದನ್ನೆಲ್ಲ ಇನ್ನೊಂದು ಬರಹವಾಗಿ ಬರೆದೆ. ಓದುಗರಿಗೆ ಕಳುಹಿಸುವ ಮೊದಲು ರಾತ್ರಿ ಯಜಮಾನರಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಅವರು ಸುಮ್ಮನೆ ಕೇಳಿ, ಕೊನೆಗೆ ಒಂದೇ ಕಡೆ ತಡೆದರು.

“ಸುಣ್ಣ ಹಾಕ್ತಾರೆ ಅಂತ ಬ್ಯಾಡ. ಸುಣ್ಣದ ತಿಳಿ ಅನ್ನಿ ಅವ್ವಾ.”

ತಿದ್ದಿದೆ. ಆಮೇಲೆ ಕಳುಹಿಸಿದೆ.