ಸುಮ್ಕಿರು ಕರಿಯ

ಮಂಡ್ಯದ ಏಪ್ರಿಲ್ ಬಿಸಿಲಲ್ಲಿ ಯಾರೂ ಉದ್ದ ತೋಳಿನ ಬ್ಲೌಸ್ ಹೊಲಿಸುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಮನೆಯ ಮುಂದಿನ ರೂಮಿನಲ್ಲಿ ಮಿಷನ್ ಇಟ್ಟುಕೊಂಡು ಹೊಲಿಯುತ್ತಿದ್ದೇನೆ, ಇದು ನನಗೆ ಚೆನ್ನಾಗಿ ಗೊತ್ತು. ಆದರೂ ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಹುಡುಗಿ "ಅಕ್ಕ, ತೋಳು ಮೊಣಕೈಗಿಂತ ಕೆಳಗೆ ಬರಲಿ" ಅಂದಾಗ ನಾನು ಏನೂ ಕೇಳಲಿಲ್ಲ. ಅಳತೆ ತೆಗೆಯುವಾಗ ಕೈ ಎತ್ತಲು ಅವಳಿಗೆ ಕಷ್ಟವಾಯಿತು. ಟೇಪು ತಗುಲಿದ ಕಡೆ ಮೈ ಹಿಂದಕ್ಕೆ ಎಳೆದುಕೊಂಡಳು. "ಅಳತೆ ಬ್ಲೌಸ್ ಕೊಡ್ತೀನಿ ಬುಡಿ ಅಕ್ಕ, ಅದನ್ನೇ ನೋಡ್ಕಂಡು ಹೊಲೀರಿ" ಅಂದಳು. ಕೊಟ್ಟಳು. ಹೊಲಿದೆ.

ಅವಳ ಹೆಸರು ಇಲ್ಲಿ ಬೇಡ. ಮನೆಯಲ್ಲಿ ಗಂಡ, ಆರು ವರ್ಷದ ಮಗ, ಮತ್ತೆ ಕರಿಯ. ಕರಿಯ ನಾಟಿ ನಾಯಿ, ಎದೆ ಮೇಲೆ ಒಂದು ಬಿಳಿ ಮಚ್ಚೆ. ಮದುವೆಯಾದ ಹೊಸದರಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಮಳೆಯಲ್ಲಿ ನೆನೆಯುತ್ತಿದ್ದ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದಳಂತೆ. ಗಂಡ ನನ್ನ ಹತ್ತಿರ ಬಹಳ ಮರ್ಯಾದೆಯಾಗಿಯೇ ಇದ್ದ. ಒಂದನೇ ತಾರೀಕು ಬಂತೆಂದರೆ ಬಾಡಿಗೆ ಕೈಗೆ. ಎದುರು ಸಿಕ್ಕರೆ "ಊಟ ಆಯ್ತಾ ಅಕ್ಕ" ಅನ್ನುತ್ತಿದ್ದ.

ರಾತ್ರಿ ಹೊತ್ತು ಮೇಲಿಂದ ನಾಯಿ ಕಿರುಚುವ ಸದ್ದು ಬರುತ್ತಿತ್ತು. ಬೊಗಳುವುದಲ್ಲ. ಬಾಗಿಲ ಸಂದಿಗೆ ಬಾಲ ಸಿಕ್ಕರೆ ಕುಯ್ಯೋ ಅನ್ನುತ್ತಲ್ವಾ, ಆ ಥರ. ಆಮೇಲೆ ಒಮ್ಮೆಗೇ ಎಲ್ಲ ತಣ್ಣಗೆ. "ನಾಯಿ ಕಣೆ, ಏನೋ ಕಚ್ಚಿ ಹಾಕಿರುತ್ತೆ, ಎರಡು ಬಿಟ್ಟಿರ್ತಾನೆ" ಅನ್ನುತ್ತಿದ್ದರು ನಮ್ಮ ಮನೆಯವರು. ನಾನೂ ಹಾಗೇ ಅಂದುಕೊಂಡು ಮಗ್ಗುಲು ಬದಲಿಸುತ್ತಿದ್ದೆ. ಹೆಂಗಸಿನ ದನಿ ಒಂದು ದಿನವೂ ಕೇಳಿರಲಿಲ್ಲ. ಕೇಳಿದ್ದರೆ ಮೆಟ್ಟಿಲು ಹತ್ತುತ್ತಿದ್ದೆ. ನಾಯಿಯ ದನಿಗೆ ಯಾಕೆ ಹತ್ತಲಿಲ್ಲ ಅನ್ನುವುದು ಈಗಲೂ ನನ್ನನ್ನು ಕೊರೆಯುತ್ತದೆ.

ಸಂಜೆ ಹುಡುಗ ಕರಿಯನನ್ನು ಕರೆದುಕೊಂಡು ಕೆಳಗೆ ಬರುತ್ತಿದ್ದ. ಖಾಲಿ ದಾರದ ರೀಲುಗಳನ್ನು ಸಾಲಾಗಿ ಜೋಡಿಸಿ ರೈಲು ಬಿಡುತ್ತಿದ್ದ. ಒಂದು ದಿನ ಹಾಲಿನವರ ಸೈಕಲ್ ಕಂಡು ಕರಿಯ ಬೊಗಳಿದ. ಹುಡುಗ ರೀಲು ಬಿಸಾಕಿ ಓಡಿಬಂದು ಎರಡೂ ಕೈಯಿಂದ ಅವನ ಬಾಯಿ ಮುಚ್ಚಿ, ಕಿವಿಯಲ್ಲಿ ಹೇಳಿದ: "ಸುಮ್ಕಿರು ಕರಿಯ. ಇಲ್ದಿದ್ರೆ ಅಮ್ಮಂಗೆ ಬೀಳ್ತವೆ."

ನನ್ನ ಕಾಲು ಪೆಡಲ್ ಮೇಲೆ ಹಾಗೇ ನಿಂತಿತು. ಆದರೂ ಅವತ್ತೂ ನಾನು ಬಾಯಿ ಬಿಡಲಿಲ್ಲ. ಗಂಡ ಹೆಂಡತಿ ವಿಷಯ, ಹೇಗೆ ಕೇಳೋದು ಅಂತ.

ಅದಾಗಿ ವಾರಕ್ಕೆ, ಒಂದು ಮಂಗಳವಾರ, ಗಂಡ ಕೆಲಸಕ್ಕೆ ಹೋದ ಮೇಲೆ ಅವಳು ಕರಿಯನನ್ನು ಎತ್ತಿಕೊಂಡು ಕೆಳಗೆ ಬಂದಳು. ಹಿಂದಿನ ಎಡಗಾಲು ನೇತಾಡುತ್ತಿತ್ತು. "ಬೈಕಿಗೆ ಸಿಕ್ಕಾಕ್ಕೊಂಡ ಅಕ್ಕ." ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಆಟೋದಲ್ಲಿ ಪಶು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಕರಿಯ ಅವಳ ಕೈ ನೆಕ್ಕುತ್ತಲೇ ಇದ್ದ.

ಡಾಕ್ಟರು ಎಕ್ಸ್‌ರೇಯನ್ನು ಕಿಟಕಿ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. "ಕಾಲು ನಿನ್ನೆ ಮೊನ್ನೆ ಮುರಿದದ್ದು. ಪಕ್ಕೆ ಮೂಳೆ ನೋಡಿ, ಇಲ್ಲಿ ಎರಡು ಕಡೆ ಗಂಟು ಕಟ್ಟಿದೆ. ಇದು ಮುರಿದು ಎಷ್ಟೋ ದಿನವಾಗಿ ತಾನಾಗೇ ಕೂಡಿಕೊಂಡಿದೆ. ಗಾಡಿ ಒಂದು ಸಲ ಹೊಡೆದರೆ ಹೀಗೆ ಬೇರೆ ಬೇರೆ ಕಾಲದ ಏಟು ಇರಲ್ಲ." ಆಮೇಲೆ ಎಕ್ಸ್‌ರೇ ಮೇಜಿನ ಮೇಲಿಟ್ಟು ಅವಳ ಮುಖ ನೋಡಿ ಮೆಲ್ಲಗೆ ಕೇಳಿದರು, "ನೀವು ಹೇಗಿದ್ದೀರಮ್ಮ?"

ಅವಳು ಉತ್ತರ ಕೊಡಲಿಲ್ಲ. ಬ್ಲೌಸಿನ ತೋಳನ್ನು ಕೆಳಕ್ಕೆ ಎಳೆದುಕೊಂಡಳು. ನಾನೇ ಹೊಲಿದಿದ್ದ ತೋಳು.

ಮನೆಗೆ ಬಂದ ಮೇಲೆ ಬಾಗಿಲು ಹಾಕಿಕೊಂಡು ಕೂತೆವು. ಯುಗಾದಿಗೆ ಪಾಂಡವಪುರದ ಕಡೆ ತವರಿಗೆ ಹೋದವಳು ಇನ್ನು ವಾಪಸ್ ಬರುವುದಿಲ್ಲ ಅಂತ ಗಟ್ಟಿ ಮನಸ್ಸು ಮಾಡಿದ್ದಳಂತೆ. "ಮೂರನೇ ದಿನ ರಾತ್ರಿ ಫೋನ್ ಮಾಡಿದ್ರು ಅಕ್ಕ. ಬಯ್ಯಲಿಲ್ಲ, ಕರೀಲಿಲ್ಲ. ಕರಿಯ ಕಿರುಚ್ಕೊಳೋದನ್ನ ಕೇಳಿಸಿದ್ರು ಅಷ್ಟೆ." ಬೆಳಗಿನ ಮೊದಲ ಬಸ್ಸಿಗೇ ಮಗನ ಕೈ ಹಿಡಿದು ಹೊರಟು ಬಂದಿದ್ದಳು. ಬ್ಲೌಸ್ ಹೊಲಿಯಲು ಕೊಟ್ಟದ್ದು ಅದರ ಮುಂದಿನ ವಾರ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ನಮ್ಮಲ್ಲಿ ಒಂದು ಮಾತಿದೆ. ನಾನೂ ಎಷ್ಟು ಸಲ ಹೇಳಿ ನಕ್ಕಿದ್ದೇನೋ. ಇಲ್ಲಿ ಇದ್ದದ್ದು ಕೋಪ ಅಲ್ಲವೇ ಅಲ್ಲ. ಕೋಪ ಬಂದವನು ಫೋನ್ ಹಚ್ಚಿ, ಆ ಕಡೆ ಎತ್ತುವವರೆಗೂ ಕಾದು, ಆಮೇಲೆ ನಾಯಿಗೆ ಹೊಡೆಯುತ್ತಾನಾ? ಅವಳು ಯಾವುದನ್ನು ಬಿಟ್ಟು ಹೋಗಲಾರಳೋ ಅದು ಅವನಿಗೆ ಗೊತ್ತಿತ್ತು.

ಅವತ್ತು ರಾತ್ರಿ ನನ್ನ ಮಗಳು ಮೊಬೈಲಿನಲ್ಲಿ ಹುಡುಕಿ ಹುಡುಕಿ ಓದಿ ಹೇಳಿದಳು. ಇದು ನಮ್ಮ ಮಹಡಿ ಮನೆಯ ಕಥೆ ಮಾತ್ರ ಅಲ್ಲ. ಅಮೆರಿಕದ ಯೂಟಾದಲ್ಲಿ ಫ್ರಾಂಕ್ ಅಸಿಯೋನ್ ಅನ್ನುವ ಮನಶ್ಶಾಸ್ತ್ರಜ್ಞರು ಗಂಡಂದಿರ ಹೊಡೆತ ತಾಳದೆ ಆಶ್ರಯಕ್ಕೆ ಬಂದ 38 ಹೆಂಗಸರನ್ನು ಮಾತಾಡಿಸಿ, 1998ರಲ್ಲಿ ಬರೆದರಂತೆ. ಮನೆಯಲ್ಲಿ ಪ್ರಾಣಿ ಸಾಕಿದ್ದವರಲ್ಲಿ ಶೇಕಡಾ 71 ಮಂದಿ, ಗಂಡ ಅದನ್ನು ಹೊಡೆದಿದ್ದ, ಕೊಂದಿದ್ದ ಅಥವಾ ಹಾಗೆ ಮಾಡುತ್ತೇನೆಂದು ಹೆದರಿಸಿದ್ದ ಅಂದಿದ್ದರು. ಪ್ರಾಣಿಗೆ ಏನಾಗುತ್ತದೋ ಅಂತ ಮನೆ ಬಿಡುವುದನ್ನೇ ಮುಂದಕ್ಕೆ ಹಾಕಿದವರೂ ಅವರಲ್ಲಿ ಇದ್ದರು. ಅಲ್ಲಿನ ಮೇನ್ ರಾಜ್ಯದಲ್ಲಿ 2006ರಿಂದಲೇ ಹೆಂಗಸಿಗೆ ಕೊಡುವ ರಕ್ಷಣಾ ಆದೇಶದಲ್ಲಿ ಅವಳ ಸಾಕುಪ್ರಾಣಿಯನ್ನೂ ಸೇರಿಸಬಹುದು.

ಮಾರನೇ ದಿನ ನನ್ನ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಮಾಡಿಸಿದೆ. ಅವಳ ಫೋನನ್ನು ಅವನು ದಿನಾ ನೋಡುತ್ತಿದ್ದ. ಆ ಕಡೆಯವರು ಸಮಾಧಾನವಾಗಿ ಎಲ್ಲ ಕೇಳಿಸಿಕೊಂಡು, ಉಳಿಯಲು ಜಾಗ ಇದೆ ಅಂದರು. ಇವಳು ಕೇಳಿದ ಮೊದಲ ಮಾತು, "ನಾಯಿ ಕರ್ಕೊಂಡು ಬರಬೋದಾ ಮೇಡಂ?" ಆಗಲ್ಲ ಅಂತ ಉತ್ತರ ಬಂತು. ಅವಳು ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟುಬಿಟ್ಟಳು.

"ಕರಿಯ ನನ್ನ ಹತ್ರ ಇರ್ತಾನೆ" ಅಂದೆ. ಅಷ್ಟು ಮಾತಿಗೇ ಅವಳು ಅತ್ತದ್ದನ್ನು ನೋಡಬೇಕಿತ್ತು. ಇಷ್ಟು ವರ್ಷದಲ್ಲಿ ಯಾರೂ ಅವಳಿಗೆ ಆ ಮಾತು ಹೇಳಿರಲಿಲ್ಲ.

ಮೊದಲು ನಾಯಿ ಮನೆ ಬಿಟ್ಟಿತು. ದಿನಾ ಕಟ್ಟು ನೋಡಬೇಕು, ಮೆಟ್ಟಿಲು ಹತ್ತಿಸಬಾರದು ಅಂತ ಗಂಡನಿಗೆ ನಾನೇ ಹೇಳಿದೆ. ಅವನು "ಸರಿ ಅಕ್ಕ" ಅಂದ. ಆಮೇಲೆ ಅವಳು ಹೊಲಿಯಲು ಕೊಡುವ ಬಟ್ಟೆ ಚೀಲದಲ್ಲಿ ಒಂದೊಂದೇ ಕೆಳಗೆ ತಂದಳು. ಒಂದು ದಿನ ಆಧಾರ್ ಕಾರ್ಡು, ಇನ್ನೊಂದು ದಿನ ಪಾಸ್‌ಬುಕ್ಕು, ಫಾಲ್ಸ್ ಹಾಕಲು ಕೊಟ್ಟ ಸೀರೆಯ ಮಡಿಕೆಯಲ್ಲಿ ಮಗನ ಜನನ ಪತ್ರ. ಹತ್ತು ದಿನ ಹಿಡಿಯಿತು. ಹನ್ನೊಂದನೇ ದಿನ ಅವನು ಕೆಲಸಕ್ಕೆ ಹೋದ ಮೇಲೆ ಅವಳ ಅಣ್ಣ ಬಂದು ತಾಯಿ ಮಗನನ್ನು ಕರೆದುಕೊಂಡು ಹೋದ. ಅವತ್ತು ಸಂಜೆ ಅವನು ಬಂದು ನಮ್ಮ ಬಾಗಿಲು ಬಡಿದದ್ದು, ನಮ್ಮ ಮನೆಯವರು ಅಡ್ಡ ನಿಂತದ್ದು, ಅದೆಲ್ಲ ಬೇಡ. ತಿಂಗಳೊಳಗೆ ಅವನನ್ನು ಖಾಲಿ ಮಾಡಿಸಿದೆವು.

2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ದೂರು ಕೊಟ್ಟಿದ್ದಾಳೆ. ಅವಳಿಗೆ ಬೇಕಾದ ವ್ಯಕ್ತಿಗೆ ನೋವು ಮಾಡುತ್ತೇನೆಂದು ಪದೇ ಪದೇ ಹೆದರಿಸುವುದನ್ನೂ ಆ ಕಾಯ್ದೆ ದೌರ್ಜನ್ಯ ಅನ್ನುತ್ತದೆ. ಆದರೆ ಅಲ್ಲಿರುವುದು ವ್ಯಕ್ತಿ ಅನ್ನುವ ಪದ. ಕರಿಯ ಅದರೊಳಗೆ ಬರುವುದಿಲ್ಲ. ಆ ಕಾಯ್ದೆಯಲ್ಲಿ ದೂರು ಬರೆದುಕೊಳ್ಳುವ ಸಂರಕ್ಷಣಾಧಿಕಾರಿ ಮೇಡಂ ಮಾತ್ರ ಆ ಫೋನಿನ ವಿಷಯವನ್ನು ಪೂರ್ತಿ ಬರೆದುಕೊಂಡು ಎಕ್ಸ್‌ರೇಯನ್ನೂ ಜೊತೆಗೆ ಇಟ್ಟರು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ನಾಯಿಗೆ ಹೊಡೆದದ್ದಕ್ಕೆ ಮೊದಲ ಸಲ ದಂಡ 10 ರೂಪಾಯಿಯಿಂದ 50 ರೂಪಾಯಿವರೆಗೆ. ಒಂದು ಸೀರೆಗೆ ಫಾಲ್ಸ್ ಹಾಕಿದರೆ ನಾನು ತೆಗೆದುಕೊಳ್ಳುವುದು ಅದಕ್ಕಿಂತ ಜಾಸ್ತಿ. ಕೇಳಿ ಹೊಟ್ಟೆ ಉರಿಯಿತು. ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ 5 ವರ್ಷದವರೆಗೆ ಜೈಲು ಇದೆ ಅಂತ ವಕೀಲರು ಹೇಳಿದಾಗ ಸ್ವಲ್ಪ ಉಸಿರಾಡಿದೆ.

ಕರಿಯ ಇನ್ನೂ ನನ್ನ ಹತ್ತಿರವೇ ಇದ್ದಾನೆ. ಮಿಷನ್ ಕೆಳಗೆ ಕತ್ತರಿಸಿದ ಬಟ್ಟೆ ಚೂರಿನ ಮೇಲೆ ಮಲಗುತ್ತಾನೆ. ಎಡಗಾಲು ಪೂರ್ತಿ ಮಡಚುವುದಿಲ್ಲ. ಹುಡುಗ ದಿನಾ ಸಂಜೆ ಅಜ್ಜಿ ಮನೆಯಿಂದ ಫೋನ್ ಮಾಡಿ, "ಕಿವಿ ಹತ್ರ ಹಿಡೀರಿ" ಅನ್ನುತ್ತಾನೆ. ಹಿಡಿಯುತ್ತೇನೆ. ಕರಿಯ ಬಾಲ ಬಡಿಯುತ್ತಾನೆ.

ನಿನ್ನೆ ಅವರಿಬ್ಬರ ಮಾತಿನ ಮಧ್ಯೆ ಹಾಲಿನವರ ಸೈಕಲ್ ಬಂತು. ಕರಿಯ ಫೋನಿನ ಮೇಲೇ ಜೋರಾಗಿ ಬೊಗಳಿದ. ಆ ಕಡೆ ಹುಡುಗ ಒಂದು ಗಳಿಗೆ ಸುಮ್ಮನಾದ. ನಾನು ಕರಿಯನನ್ನು ಗದರಿಸಲು ಹೋದೆ.

"ಬೊಗಳ್ಲಿ ಬುಡಿ" ಅಂದ ಹುಡುಗ.